ನುಣ್ಣನೆಯ ನಾಲ್ಕು ತಿರುಪು

ಮೂರನೆಯ ರ್ಯಾಕೆಟ್ಟು ವಾಪಸು ಬಂದದ್ದು ಮಂಗಳವಾರ ಬೆಳಿಗ್ಗೆ. ಆಟದ ಸಾಮಾನಿನ ಅಂಗಡಿಯ ಶಟರ್ ಎತ್ತಿ ಅರ್ಧ ಗಂಟೆಯೂ ಆಗಿರಲಿಲ್ಲ. ತಂದವರು ಎದುರು ಬೀದಿಯ ಆಸ್ಪತ್ರೆಯ ನರ್ಸಮ್ಮ. ಪಾಳಿ ಮುಗಿಸಿ ನೇರವಾಗಿ ಬಂದಿದ್ದರಿಂದ ಅವರ ಕಣ್ಣು ಕೆಂಪಗಿದ್ದವು. ದನಿ ಮಾತ್ರ ಜ್ವರ ಎಷ್ಟಿದೆಯೆಂದು ಓದಿ ಹೇಳುವವರ ಹಾಗೆ ತಣ್ಣಗಿತ್ತು.

“ಗಟ್ ಹಾಕಿಸ್ಕೊಂಡು ಹೋಗಿ ಒಂಬತ್ತು ದಿನ ಆಯ್ತು. ಇಲ್ಲಿ ನೋಡಿ.”

ರ್ಯಾಕೆಟ್ಟಿನ ತಲೆಯ ಬಲಭುಜದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕೊಂದು ಬಣ್ಣವನ್ನು ಸೀಳಿಕೊಂಡು ಓರೆಯಾಗಿ ಹೋಗಿತ್ತು. ಕೌಂಟರಿನ ಹಿಂದಿದ್ದ ಯಜಮಾನ ಅದನ್ನು ಬೆಳಕಿಗೆ ಹಿಡಿದು, ಡಾಕ್ಟರು ಎಕ್ಸ್‌ರೇ ನೋಡುವ ಗಾಂಭೀರ್ಯದಲ್ಲಿ ಎರಡು ಸಲ ತಲೆಯಾಡಿಸಿ, ಹಿಂದಿನ ಇಬ್ಬರಿಗೆ ಹೇಳಿದ್ದನ್ನೇ ಹೇಳಿದ.

“ಪಾರ್ಟ್ನರ್ ರ್ಯಾಕೆಟ್ಟಿಗೆ ತಾಗಿಸಿದೀರಿ ಮೇಡಂ. ಡಬಲ್ಸಲ್ಲಿ ಇದು ಮಾಮೂಲು.”

“ನಾನು ಆಡೋದು ಸಿಂಗಲ್ಸು.”

ಯಜಮಾನ ಇನ್ನೊಂದು ಸಲ ಬೆಳಕಿಗೆ ಹಿಡಿದ. “ಹಾಗಾದ್ರೆ ನೆಲಕ್ಕೆ.”

ನರ್ಸಮ್ಮ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಮಾತ್ರೆ ನುಂಗಿದೆನೆಂದು ಹೇಳಿ ದಿಂಬಿನ ಕೆಳಗೆ ತುರುಕುವವರನ್ನು ದಿನಾ ನೋಡಿದ ಕಣ್ಣು ಅದು. “ಇಟ್ಕೊಳ್ಳಿ. ನೆಲ ಎಲ್ಲಿ ತಾಗಿದೆ ಅಂತ ನಿಧಾನವಾಗಿ ಹುಡುಕಿ,” ಎಂದು ರ್ಯಾಕೆಟ್ಟನ್ನು ಅಲ್ಲೇ ಬಿಟ್ಟು ಹೋದರು.

ಅಂಗಡಿಯ ಮೂಲೆಯಲ್ಲಿ ಯಂತ್ರದ ಮುಂದೆ ಕೂತಿದ್ದ ಚಿಕ್ಕಮ್ಮನಿಗೆ ಪ್ರತಿ ಮಾತೂ ಕೇಳಿಸಿತ್ತು. ರ್ಯಾಕೆಟ್ಟಿನ ಜಾಲರಿ ಹೆಣೆಯುವುದು, ಅಂದರೆ ಗಟ್ ಹಾಕುವುದು, ಅವಳ ಕೆಲಸ. ಯಜಮಾನ ಅವಳ ಅಕ್ಕನ ಮಗ. ಅವನು ಚಿಕ್ಕಮ್ಮ ಎನ್ನುತ್ತಿದ್ದುದರಿಂದ ಗಿರಾಕಿಗಳಿಗೂ ಅವಳು ಚಿಕ್ಕಮ್ಮನೇ ಆಗಿದ್ದಳು. ಅವನಾದರೋ ಮನೆಯಲ್ಲಿ ಮರಿ. ಮೂವತ್ತೆರಡು ವರ್ಷ, ತೊಂಬತ್ತಾರು ಕಿಲೋ, ಆದರೂ ಮರಿ. ಗಿರಾಕಿಗಳ ಮುಂದೆ ಹಾಗೆ ಕರೆದರೆ ಕಿವಿ ಕೆಂಪಾಗುತ್ತಿತ್ತು. ಕೌಂಟರಿನ ಮೇಲೆ ಅವನದೊಂದು ಸ್ಪ್ರಿಂಗಿನ ಹಿಡಿ ಸದಾ ಇರುತ್ತಿತ್ತು. ಮಾತಾಡುವಾಗ, ಯೋಚಿಸುವಾಗ, ಹೆಚ್ಚಾಗಿ ಯೋಚಿಸದೇ ಇರುವಾಗ ಅದನ್ನು ಕಿರ್ ಕಿರ್ ಎಂದು ಅದುಮುತ್ತಿದ್ದ. ಅಂಗೈಯ ಶಕ್ತಿ ಬೆಳೆಸಲು ಅಂತೆ. ತಲೆಗೂ ಇಂಥದೊಂದು ಸಿಗುತ್ತಿದ್ದರೆ ಎಂದು ಚಿಕ್ಕಮ್ಮನಿಗೆ ಎಷ್ಟೋ ಸಲ ಅನಿಸಿತ್ತು. ಅನಿಸಿದ ಕೂಡಲೇ, ಕೆಲಸ ಕೊಟ್ಟವನ ಬಗ್ಗೆ ಹೀಗೆ ಯೋಚಿಸುವುದು ಸರಿಯಲ್ಲ ಎಂದೂ ಅನಿಸಿತ್ತು.

ಗಿರಾಕಿ ಮೆಟ್ಟಿಲಿಳಿದ ಮೇಲೆ ಅವನು ಮೂಲೆಗೆ ಬಂದ.

“ಚಿಕ್ಕಮ್ಮ, ತಪ್ಪು ತಿಳ್ಕೋಬೇಡಿ. ನಿಮ್ಮ ಕೈ ಭಾರ.”

“ನನ್ನ ಕೈಯಾ?”

“ಮೂರು ತಿಂಗಳಲ್ಲಿ ಮೂರು ಫ್ರೇಮು. ಮೆಷಿನ್ನು ಹೊಸದು, ಗಟ್ಟು ಹೊಸದು. ಹಳೇದು ಅಂತ ಇಲ್ಲಿ ಇರೋದು...”

“ನಾನು.”

“ನಾನು ಹಾಗೆ ಹೇಳ್ಲಿಲ್ಲಪ್ಪ.”

ಗಲ್ಲಾದ ಹಿಂದೆ ಕೂತು ಕನ್ನಡಕ ಒರೆಸುತ್ತಿದ್ದ ಅಕ್ಕ ತಲೆ ಎತ್ತಲೂ ಇಲ್ಲ. “ಚಿಕ್ಕವಳಿದ್ದಾಗ್ಲೂ ಇವಳು ಹಾಗೇ ಕಣೋ. ಮನೇಲಿ ಒಂದು ಗಾಜಿನ ಲೋಟ ಉಳೀಲಿಲ್ಲ.”

ಒಡೆದದ್ದು ಒಂದೇ ಲೋಟ, ಕೈಜಾರಿಸಿದವಳು ಅಕ್ಕನೇ. ಆ ವ್ಯಾಜ್ಯ ನಲವತ್ತೈದು ವರ್ಷಗಳಿಂದ ತೀರ್ಮಾನವಾಗದೆ ಉಳಿದಿತ್ತು, ಇವತ್ತು ತೀರ್ಮಾನವಾಗುವ ಲಕ್ಷಣವೂ ಇರಲಿಲ್ಲ.

“ಶನಿವಾರ ಕ್ಲಬ್ಬಿನ ಹತ್ತು ರ್ಯಾಕೆಟ್ಟು ಕೊಡ್ಬೇಕು,” ಎಂದ ಮರಿ. “ಅದ್ರಲ್ಲಿ ಒಂದು ಬಿರುಕು ಬಿಟ್ರೂ ಮೆಷಿನ್ನಿಗೆ ಏಜೆಂಟ್ ಕಡೆಯವರು ಒಬ್ರು ಬರ್ತಾರೆ, ಟ್ರೇನಿಂಗ್ ಆದವ್ರು. ನೀವು ಸಾಕ್ಸ್ ಕಡೆ ನೋಡ್ಕೊಳ್ಳಿ. ಕೂತು ಮಾಡೋ ಕೆಲಸ, ಆರಾಮ.”

ಸಾಕ್ಸ್ ಕಡೆ ಎಂದರೆ ಮೆಟ್ಟಿಲ ಕೆಳಗಿನ ಮೂರು ಗೂಡು. ಗಿರಾಕಿಗಳು ಎಳೆದು ಬಿಸಾಕಿದ ಕಾಲುಚೀಲಗಳನ್ನು ಜೋಡಿ ಹುಡುಕಿ ಮಡಚಿಡುವುದು. ಅದಕ್ಕೆ ಕೈ ಭಾರವಿದ್ದರೂ ನಡೆಯುತ್ತದೆ, ಕೈ ಇಲ್ಲದಿದ್ದರೂ ಬಹುಶಃ ನಡೆಯುತ್ತದೆ.

ಚಿಕ್ಕಮ್ಮನಿಗೆ ಸಾಕ್ಸಿಗಿಂತ ಹೆಚ್ಚು ಚುಚ್ಚಿದ್ದು ಆ ಮಾತು. ಈ ಅಂಗಡಿಗೆ ಬರುವ ಮುಂಚೆ ಇಪ್ಪತ್ತಾರು ವರ್ಷ ಅವಳು ಕಾಲಿನ ಪಟ್ಟಿ ಮಾಡುವ ಕಾರ್ಯಾಗಾರದಲ್ಲಿದ್ದಳು. ಕಾಲು ಸೊಟ್ಟಗಿರುವ, ಮಂಡಿ ನಿಲ್ಲದ ಮಕ್ಕಳಿಗೆ ಕಬ್ಬಿಣದ ಸರಳು, ತೊಗಲಿನ ಪಟ್ಟಿ ಸೇರಿಸಿ ಆಸರೆ ಕಟ್ಟುವ ಕೆಲಸ. ಅಳತೆ ನೋಡಲು ಬಂದ ಮಗು ಕಿರುಚಿದರೆ ಅಲ್ಲಿಯ ಮೇಸ್ತ್ರಿ ಒಂದೇ ಮಾತು ಹೇಳುತ್ತಿದ್ದರು: ಹಗುರ ಕೈಯವಳನ್ನು ಕರೀರಿ. ಕಾರ್ಖಾನೆಯಿಂದ ಸಿದ್ಧ ಪ್ಲಾಸ್ಟಿಕ್ ಪಟ್ಟಿಗಳು ಬರತೊಡಗಿದ ಮೇಲೆ ಕಾರ್ಯಾಗಾರ ಮುಚ್ಚಿತು. ಸಂಜೆ ಕ್ಲಾಸಿಗೆ ಹೋಗಿ ನಕ್ಷೆ ಬಿಡಿಸುವುದನ್ನು ಕಲಿತು ಪಾಸಾಗಿದ್ದ ಚಿಕ್ಕಮ್ಮನ ಸರ್ಟಿಫಿಕೇಟು ಪೆಟ್ಟಿಗೆ ಸೇರಿತು. ಹಗುರ ಕೈ ಮಾತ್ರ ಜೊತೆಗೆ ಬಂತು ಎಂದುಕೊಂಡಿದ್ದಳು.

ಆದರೆ ಐವತ್ತಾರರಲ್ಲಿ ಕೈ ತನಗೆ ಗೊತ್ತಾಗದೆಯೇ ಭಾರವಾಗಬಹುದಲ್ಲ? ಕಿವಿ ಮಂದವಾಗುವುದು ಕಿವಿಗೆ ಗೊತ್ತಾಗುತ್ತದೆಯೇ?

ಆ ಸಂಜೆ ಮನೆಯಲ್ಲಿ ಅಡುಗೆ ತಕ್ಕಡಿ ತೆಗೆದು, ಮೇಸ್ತ್ರಿ ಹೊಸಬರಿಗೆ ಕೊಡುತ್ತಿದ್ದ ಪರೀಕ್ಷೆಯನ್ನು ತನಗೇ ಕೊಟ್ಟುಕೊಂಡಳು. ಕಣ್ಣು ಮುಚ್ಚಿ ತೋರುಬೆರಳಿನಿಂದ ನೂರು ಗ್ರಾಮಿನಷ್ಟು ಒತ್ತಬೇಕು, ಕಣ್ಣು ಬಿಟ್ಟು ಮುಳ್ಳು ನೋಡಬೇಕು. ತೊಂಬತ್ತಾರು. ನೂರಮೂರು. ತೊಂಬತ್ತೊಂಬತ್ತು. ಆರು ಸಲ ಮಾಡಿದಳು. ಸಮಾಧಾನವಾಗಬೇಕಿತ್ತು. ಬದಲಿಗೆ ತಕ್ಕಡಿಯೇ ಸರಿಯಿಲ್ಲವೇನೋ ಎಂಬ ಅನುಮಾನ ಹುಟ್ಟಿತು. ಅರ್ಧ ಕಿಲೋ ಸಕ್ಕರೆಯ ಪೊಟ್ಟಣ ಇಟ್ಟು ನೋಡಿದಳು. ತಕ್ಕಡಿ ಸರಿಯಾಗಿತ್ತು. ಸಕ್ಕರೆಯವನು ಸರಿಯಿದ್ದಾನೋ ಇಲ್ಲವೋ ಎಂಬುದನ್ನು ಅಲ್ಲಿಗೇ ಬಿಟ್ಟಳು, ಇಲ್ಲದಿದ್ದರೆ ಊಟಕ್ಕೆ ಏಳುವ ಹಾಗಿರಲಿಲ್ಲ.

ಬುಧವಾರ ಅವಳು ಒಡೆದ ಮೂರೂ ರ್ಯಾಕೆಟ್ಟುಗಳನ್ನು ಒಂದರ ಮೇಲೊಂದು ಇಟ್ಟು ಕಾಗದದ ಮೇಲೆ ಗೆರೆ ಎಳೆದಳು. ಮೂರರ ಬಿರುಕೂ ಒಂದೇ ಕಡೆ. ಮೂವರು ಬೇರೆ ಬೇರೆ ಮನುಷ್ಯರು ಬೇರೆ ಬೇರೆ ಮೈದಾನದಲ್ಲಿ ತಮ್ಮ ರ್ಯಾಕೆಟ್ಟಿನ ಒಂದೇ ಭುಜವನ್ನು ಅಷ್ಟು ಕರಾರುವಾಕ್ಕಾಗಿ ನೆಲಕ್ಕೆ ಹೊಡೆಯಬೇಕಾದರೆ ಅವರೆಲ್ಲ ಯಾವುದಾದರೂ ಸರ್ಕಸ್ಸಿನಲ್ಲಿರಬೇಕಿತ್ತು.

ಆ ಜಾಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಂತ್ರದಲ್ಲಿ ರ್ಯಾಕೆಟ್ಟಿನ ತಲೆಯನ್ನು ಒಳಗಿನಿಂದ ಎರಡು ಆಸರೆಗಳು ಹಿಡಿಯುತ್ತವೆ, ಮೇಲೊಂದು ಕೆಳಗೊಂದು. ಹೊರಗಿನಿಂದ ನಾಲ್ಕು ತೋಳುಗಳು ಬಂದು ಭುಜಗಳಿಗೆ ಆನಿಕೊಳ್ಳುತ್ತವೆ, ಒಂದೊಂದನ್ನೂ ಹಿಂದೆ ಮುಂದೆ ಸರಿಸಲು ರೆಕ್ಕೆಯಿರುವ ಒಂದೊಂದು ತಿರುಪು. ಉದ್ದದ ಗಟ್ಟುಗಳನ್ನು ಎಳೆದಾಗ ಮೊಟ್ಟೆಯಾಕಾರದ ತಲೆ ಕುಗ್ಗಿ ಅಡ್ಡಕ್ಕೆ ಹಿಗ್ಗಲು ನೋಡುತ್ತದೆ, ಈ ನಾಲ್ಕು ತೋಳು ಅದನ್ನು ತಡೆಯುತ್ತವೆ. ತೋಳುಗಳು ಚೌಕಟ್ಟನ್ನು ಸೋಕಿದರೆ ಸಾಕು, ಒತ್ತಬಾರದು. ಹೊಸ ಯಂತ್ರಕ್ಕೆ ನೀಲಿ ಬೆಳಕಿನ ಪರದೆಯಿತ್ತು, ಕೆಲಸ ಮುಗಿದರೆ ಒಂದು ಸಣ್ಣ ರಾಗ ಹಾಡುತ್ತಿತ್ತು. ಆದರೆ ಚೌಕಟ್ಟಿಗೆ ತಾಗುವ ತೋಳಿನ ತುದಿಯಲ್ಲಿದ್ದದ್ದು ಕಿರುಬೆರಳ ಉಗುರಿನಷ್ಟು ಗಟ್ಟಿ ಪ್ಲಾಸ್ಟಿಕ್ ಟೋಪಿ. ಬೆಳಕಿಗೆ ಮತ್ತು ರಾಗಕ್ಕೆ ತಲೆ ಓಡಿಸಿದವರು ಟೋಪಿಯ ಹೊತ್ತಿಗೆ ಸುಸ್ತಾಗಿದ್ದರು.

ಹಾಗೆಂದು ಟೋಪಿಯೊಂದನ್ನೇ ದೂರುವುದು ನ್ಯಾಯವಲ್ಲ ಎಂದು ಅವಳಿಗೆ ಅನಿಸಿತು. ಸೋಕಿ ನಿಂತರೆ ಅಷ್ಟು ಸಣ್ಣ ಟೋಪಿಯೂ ಏನೂ ಮಾಡದು. ಕ್ಲಬ್ಬಿನ ಮೊದಲ ರ್ಯಾಕೆಟ್ಟನ್ನು ಕೂರಿಸಿ, ತಿರುಪುಗಳನ್ನು ಬೆರಳ ತುದಿಯಲ್ಲಿ ನಿಲ್ಲಿಸಿ, ತಲೆಯ ಅಗಲವನ್ನು ಅಳೆದು ಬರೆದಳು. ಹಿಂದಿನ ಕೋಣೆಗೆ ಹೋಗಿ ಗಟ್ಟಿನ ಸುರುಳಿ ತಂದಳು. ಸುಮ್ಮನೆ ಮತ್ತೆ ಅಳೆದಳು. ಮೂರು ಮಿಲಿಮೀಟರ್ ಕಡಿಮೆಯಾಗಿತ್ತು.

ಗಟ್ಟು ಇನ್ನೂ ಸುರುಳಿಯಲ್ಲೇ ಇತ್ತು. ಯಂತ್ರ ಇನ್ನೂ ಹಾಡಿರಲಿಲ್ಲ.

ತಿರುಪುಗಳನ್ನು ಸಡಿಲಿಸಿ ಸರಿಮಾಡಿ, ಅವಳು ಮತ್ತೆ ಹಿಂದಿನ ಕೋಣೆಗೆ ಹೋಗುವವಳ ಹಾಗೆ ಎದ್ದು, ಟ್ರೋಫಿಗಳ ಕಪಾಟಿನ ಪಕ್ಕ ನಿಂತಳು. ಕಪಾಟಿನ ಹಿಂಬದಿಗೆ ಕನ್ನಡಿಯಿತ್ತು. ಸಾಲು ಸಾಲು ಬೆಳ್ಳಿ ಬಣ್ಣದ ಕಪ್ಪುಗಳ ನಡುವೆ ಮರಿಯ ಬೆನ್ನು ಕಾಣಿಸಿತು. ಅವನು ಸ್ಪ್ರಿಂಗಿನ ಹಿಡಿ ಕೆಳಗಿಟ್ಟು ಯಂತ್ರದ ಹತ್ತಿರ ಬಂದ. ಮೇಲ್ವಿಚಾರಣೆಯ ನಿಟ್ಟುಸಿರೊಂದನ್ನು ಬಿಟ್ಟ. ಆಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ತಿರುಪುಗಳ ರೆಕ್ಕೆ ಹಿಡಿದು ಕೈಲಾದಷ್ಟು ಬಿಗಿದು, ಕೈ ಒರೆಸಿಕೊಂಡು ಕೌಂಟರಿಗೆ ಮರಳಿದ.

ಚಿಕ್ಕಮ್ಮನಿಗೆ ಮೊದಲು ಬಂದದ್ದು ಕೋಪವಲ್ಲ, ನಾಚಿಕೆ. ಮೂವತ್ತೆರಡು ವರ್ಷಗಳಿಂದ ಈ ಹುಡುಗನನ್ನು ನೋಡಿದ್ದೇನೆ, ಇದು ಹೊಳೆಯಲಿಲ್ಲವಲ್ಲ. ಅಕ್ಕನ ಮನೆಯ ಡಬ್ಬಿಗಳ ಮುಚ್ಚಳ ತೆಗೆಯಲು ಇಬ್ಬರು ಬೇಕಾಗುತ್ತಿತ್ತು. ನಲ್ಲಿಗಳು ವರ್ಷಕ್ಕೆರಡು ಸಲ ಕೆಡುತ್ತಿದ್ದವು. ಐದನೇ ಕ್ಲಾಸಿನಲ್ಲಿ ಜಾಮಿಟ್ರಿ ಬಾಕ್ಸಿನ ಕೈವಾರವನ್ನು ಬಿಗಿದು ಬಿಗಿದು ಎರಡು ತುಂಡು ಮಾಡಿ, ಕಂಪನಿ ಸರಿಯಿಲ್ಲ ಎಂದಿದ್ದ. ಬಿಗಿಯದೆ ಬಿಟ್ಟರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಅದನ್ನು ಅಕ್ಕ ಅಚ್ಚುಕಟ್ಟು ಎಂದು ಕರೆಯುತ್ತಿದ್ದಳು.

ಊಟದ ಹೊತ್ತಿಗೆ ಅವಳು ವಿಷಯ ತೆಗೆದಳು. ಅವನಿಗೆ ಅವಮಾನವಾಗದ ಹಾಗೆ ಹೇಳಬೇಕೆಂದು ಬೆಳಗಿನಿಂದ ಮಾತು ಹೊಂದಿಸಿಕೊಂಡಿದ್ದಳು.

“ಮರಿ, ಆ ತಿರುಪು ಅಷ್ಟು ಬಿಗಿ ಬೇಡ. ಸೋಕಿದ್ರೆ ಸಾಕು.”

“ಯಾರು ಬಿಗಿದ್ರು?”

“ನೀನು. ನಾನು ಒಳಗೆ ಹೋದಾಗ.”

“ಓ, ಅದಾ. ಅದು ಸೇಫ್ಟಿಗೆ.” ಅವನು ನಕ್ಕ. “ನೀವು ಸಡಿಲ ಬಿಟ್ಟಿರ್ತೀರಿ. ನಾನು ಬಿಗಿಯೋದ್ರಿಂದ ಮೂರೇ ಒಡೆದಿರೋದು. ಇಲ್ದಿದ್ರೆ ಎಷ್ಟು ಒಡೀತಿತ್ತೋ.”

“ಬಿಗಿದ್ರೆ ಒಂದೇ ಚುಕ್ಕೆ ಮೇಲೆ ಭಾರ ಬೀಳುತ್ತೆ. ಕಾಲಿನ ಪಟ್ಟಿನೂ ಹಾಗೇ. ಮೂಳೆ ಮೇಲೆ ಒಂದು ಕಡೆ ಒತ್ತಿದ್ರೆ ಅಲ್ಲೇ ಹುಣ್ಣು.”

“ಚಿಕ್ಕಮ್ಮ, ಇದು ಕಾಲಲ್ಲ. ಕಾರ್ಬನ್ನು.”

“ಎಲ್ಲದಕ್ಕೂ ಕಾಲು ತರ್ತಾಳೆ,” ಎಂದಳು ಅಕ್ಕ. “ಮದುವೆ ಮನೇಲೂ ಜನರ ಮಂಡಿ ನೋಡ್ಕೊಂಡು ಕೂತಿರ್ತಾಳೆ.”

ಮಾತು ಅಲ್ಲಿಗೆ ಮುಗಿಯಿತು. ಅಂದರೆ ಅವರಿಬ್ಬರ ಪಾಲಿಗೆ ಮುಗಿಯಿತು. ಚಿಕ್ಕಮ್ಮ ತನ್ನ ಪೆಟ್ಟಿಗೆಯಿಂದ ಹಳೆಯ ಕಾರ್ಯಾಗಾರದ ಸಾಮಾನಿನ ಚೀಲ ತೆಗೆದು ಮಾರನೆಯ ದಿನ ಅಂಗಡಿಗೆ ತಂದಳು.

ಮೊದಲ ಪ್ರಯತ್ನದಲ್ಲಿ ಅವಳೇ ದಡ್ಡಿಯಾದಳು. ಟೋಪಿಗಳ ಮೇಲೆ ದಪ್ಪ ರಬ್ಬರಿನ ತುಂಡು ಅಂಟಿಸಿದಳು, ಮೆತ್ತಗಿದ್ದರೆ ನೋವಾಗುವುದಿಲ್ಲ ಎಂಬ ಲೆಕ್ಕದಲ್ಲಿ. ತನ್ನದೇ ಹಳೆಯ ರ್ಯಾಕೆಟ್ಟೊಂದನ್ನು ಕೂರಿಸಿ ಉದ್ದದ ಗಟ್ಟು ಎಳೆದು ಅಳೆದರೆ ಅಗಲ ನಾಲ್ಕು ಮಿಲಿಮೀಟರ್ ಹೆಚ್ಚಾಗಿತ್ತು. ರಬ್ಬರು ನಾಲ್ಕು ಕಡೆಯೂ ಹಿಂದೆ ಸರಿದು ಚೌಕಟ್ಟಿಗೆ ದಾರಿ ಬಿಟ್ಟುಕೊಟ್ಟಿತ್ತು. ಮೇಸ್ತ್ರಿ ಇದ್ದಿದ್ದರೆ ಕೈಯಲ್ಲಿದ್ದ ಗಜಕಡ್ಡಿಯಿಂದ ಮೇಜು ಬಡಿಯುತ್ತಿದ್ದರು. ಆಸರೆ ಮೆತ್ತಗಿರಬಾರದು, ಅಗಲವಾಗಿರಬೇಕು ಎಂದು ವರ್ಷಕ್ಕೆ ನೂರು ಸಲ ಹೇಳಿದ ಮನುಷ್ಯ ಅವರು. ಇಪ್ಪತ್ತಾರು ವರ್ಷ ಕೇಳಿಸಿಕೊಂಡೂ ರಬ್ಬರು ಅಂಟಿಸಿದವಳು ಮರಿಯನ್ನು ಯಾವ ಬಾಯಲ್ಲಿ ಹಂಗಿಸುವುದು? ಹಂಗಿಸಿದ್ದು ಮನಸ್ಸಿನಲ್ಲೇ ಆದರೂ, ಸ್ವಲ್ಪ ಹೊತ್ತು ಅದನ್ನು ನಿಲ್ಲಿಸಿದಳು.

ಎರಡನೆಯ ಸಲ ಟೋಪಿಗಳ ಬದಲಿಗೆ, ಮಂಡಿಯ ಕೀಲಿಗೆ ಬಳಸುತ್ತಿದ್ದ ಗಟ್ಟಿ ನೈಲಾನ್ ತುಂಡುಗಳನ್ನು ಆರಿಸಿದಳು. ಪ್ರತಿಯೊಂದೂ ಎರಡು ಬೆರಳಗಲ. ಅವಕ್ಕೆ ಭುಜದ ಬಾಗು ಸರಿಯಾಗಿ ಬರಬೇಕು, ಅರದಿಂದ ಕಣ್ಣಳತೆಯಲ್ಲಿ ತೀಡಿದರೆ ಆಗದು. ನರ್ಸಮ್ಮ ಬಿಟ್ಟುಹೋದ ರ್ಯಾಕೆಟ್ಟಿನ ಭುಜಕ್ಕೆ ಮರಳುಕಾಗದ ಸುತ್ತಿ, ನೈಲಾನನ್ನು ಅದರ ಮೇಲೇ ಹಿಂದೆ ಮುಂದೆ ಉಜ್ಜಿದಳು. ಒಡೆದ ರ್ಯಾಕೆಟ್ಟು ತನ್ನ ಬಾಗನ್ನು ತಾನೇ ಕೊರೆದುಕೊಟ್ಟಿತು. ಗಟ್ಟಿನ ತೂತುಗಳು ಮುಚ್ಚದಂತೆ ಅಲ್ಲಲ್ಲಿ ಕಚ್ಚು ಹಾಕಿ, ಒಳಮೈಗೆ ಕಾಗದದಷ್ಟು ತೆಳುವಾದ ತೊಗಲು ಅಂಟಿಸಿದಳು. ಕೂರಿಸಿ ನೋಡಿದರೆ ಚೌಕಟ್ಟು ನಾಲ್ಕು ಅಂಗೈಗಳ ನಡುವೆ ಇದ್ದ ಹಾಗೆ ನಿಂತಿತು. ಗಟ್ಟು ಎಳೆದು ಅಳೆದಾಗ ಬದಲಾವಣೆ ಅರ್ಧ ಮಿಲಿಮೀಟರೂ ಇರಲಿಲ್ಲ.

ಉಳಿದದ್ದು ಮರಿ.

ಅಗಲದ ಆಸರೆಯನ್ನೂ ಅವನು ಬಿಗಿಯುತ್ತಾನೆ. ಭಾರ ಹಂಚಿಹೋಗುತ್ತದೆ, ನಿಜ. ಆದರೆ ಅವನ ಅಂಗೈ ದಿನಾ ಕಿರ್ ಕಿರ್ ಎಂದು ಬೆಳೆಯುತ್ತಿತ್ತು. ಕಾರ್ಯಾಗಾರದಲ್ಲೂ ಇಂಥವರಿದ್ದರು: ಮಗುವಿನ ಕಾಲು ಬೇಗ ನೆಟ್ಟಗಾಗಲೆಂದು ಪಟ್ಟಿಯನ್ನು ಒಂದು ತೂತು ಮುಂದಕ್ಕೆ ಬಿಗಿಯುವ ಅಪ್ಪಂದಿರು. ಹೇಳಿದರೆ ತಲೆಯಾಡಿಸಿ, ಮನೆಗೆ ಹೋಗಿ ಎರಡು ತೂತು ಬಿಗಿಯುತ್ತಿದ್ದರು. ಮೇಸ್ತ್ರಿ ಕೊನೆಗೆ ಹೇಳುವುದನ್ನೇ ಬಿಟ್ಟು ಪಟ್ಟಿಯಲ್ಲಿ ಮುಂದಿನ ತೂತುಗಳನ್ನೇ ಹಾಕದಂತೆ ಮಾಡಿದರು. ಅಪ್ಪಂದಿರು ಕೊನೆಯ ತೂತಿಗೆ ಬಿಗಿದು ತೃಪ್ತರಾಗುತ್ತಿದ್ದರು, ಮಕ್ಕಳು ನಡೆಯುತ್ತಿದ್ದರು.

ಚಿಕ್ಕಮ್ಮ ಯಂತ್ರದ ರೆಕ್ಕೆಯಿರುವ ನಾಲ್ಕು ತಿರುಪುಗಳನ್ನು ಬಿಚ್ಚಿ, ಟೋಪಿಗಳ ಜೊತೆ ಡಬ್ಬಿಯಲ್ಲಿಟ್ಟಳು. ಅವುಗಳ ಜಾಗಕ್ಕೆ ಕಾಲುಪಟ್ಟಿಯ ಹಳೆಯ ಹಿತ್ತಾಳೆ ತಿರುಪುಗಳನ್ನು ಹಾಕಿದಳು. ಗುಂಡನೆಯ, ಬಟಾಣಿಯಷ್ಟು ಸಣ್ಣ ತಲೆ. ಅದನ್ನು ಇನ್ನಷ್ಟು ಉಜ್ಜಿ ಕನ್ನಡಿಯಾಗಿಸಿದಳು. ಎರಡು ಬೆರಳ ತುದಿಯಲ್ಲಿ ಹಗುರವಾಗಿ ಹಿಡಿದರೆ ತಿರುಗುತ್ತಿತ್ತು, ಹಿಡಿದು ಅದುಮಿದರೆ ಜಾರುತ್ತಿತ್ತು.

ಗುರುವಾರ ಸಂಜೆ ಅವಳು ಕಪಾಟಿನ ಕನ್ನಡಿಯಲ್ಲಿ ನೋಡಿದಳು. ಮರಿ ಬಂದ. ನಿಟ್ಟುಸಿರು ಬಿಟ್ಟ. ತಿರುಪು ಹಿಡಿದು ತಿರುಚಿದ, ಬೆರಳು ಜಾರಿತು. ಪ್ಯಾಂಟಿಗೆ ಕೈ ಒರೆಸಿ ಮತ್ತೆ ಹಿಡಿದ, ಮತ್ತೆ ಜಾರಿತು. ಇದಕ್ಕಿಂತ ಬಿಗಿ ಸಾಧ್ಯವಿಲ್ಲ ಎಂದು ಅರ್ಥಮಾಡಿಕೊಂಡವನ ಹಾಗೆ ಹುಬ್ಬೇರಿಸಿ, ಸಂತೋಷವಾಗಿ ಕೌಂಟರಿಗೆ ಹೋದ. ಆಸರೆಗಳು ಬೇರೆಯಾಗಿವೆ, ತಿರುಪುಗಳು ಬೇರೆಯಾಗಿವೆ ಎಂಬುದು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ. ಮೇಲ್ವಿಚಾರಣೆ ಅಷ್ಟು ಆಳವಾಗಿತ್ತು.

ಶುಕ್ರವಾರ ಸಂಜೆಯ ಹೊತ್ತಿಗೆ ಒಂಬತ್ತು ರ್ಯಾಕೆಟ್ಟು ಮುಗಿದವು. ಪ್ರತಿಯೊಂದನ್ನೂ ಮುಂಚೆ, ನಡುವೆ, ಆಮೇಲೆ ಅಳೆದು ಪುಸ್ತಕದಲ್ಲಿ ಬರೆದಿದ್ದಳು. ಭುಜಗಳನ್ನು ಭೂತಗನ್ನಡಿಯಲ್ಲಿ ನೋಡಿದಳು, ಮನೆಗೆ ಹೊರಟವಳು ಬಾಗಿಲಿನಿಂದ ತಿರುಗಿ ಬಂದು ಮತ್ತೊಮ್ಮೆ ನೋಡಿದಳು. ಒಂದೂ ಬಿರುಕಿರಲಿಲ್ಲ. ಕೈ ಭಾರವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಆದರೆ ಹತ್ತನೆಯದು ಬಾಕಿ ಇತ್ತು.

ಹತ್ತನೆಯದನ್ನು ಶನಿವಾರ ಬೆಳಿಗ್ಗೆ ಕ್ಲಬ್ಬಿನ ಕೋಚ್ ತಾನೇ ತಂದ. ಕೊರಳಲ್ಲಿ ಸದಾ ಸೀಟಿ ಕಟ್ಟಿಕೊಂಡಿರುವುದರಿಂದ ಅವನನ್ನು ಎಲ್ಲರೂ ಸೀಟಿ ಎನ್ನುತ್ತಿದ್ದರು. ಸ್ನಾನಕ್ಕೂ ಅದನ್ನು ತೆಗೆಯುವುದಿಲ್ಲವೆಂದು ಅವನ ತಂಡದವರ ನಂಬಿಕೆ. ಹೊಸ ರ್ಯಾಕೆಟ್ಟು, ಪ್ಲಾಸ್ಟಿಕ್ ಹೊದಿಕೆ ಕೂಡ ಹರಿದಿರಲಿಲ್ಲ. “ನಮ್ಮ ಕ್ಯಾಪ್ಟನ್‌ದು. ಸಂಜೆ ಮ್ಯಾಚಿದೆ, ನಿಂತು ತಗೊಂಡು ಹೋಗ್ತೀನಿ,” ಎಂದು ಸ್ಟೂಲಿನ ಮೇಲೆ ಕೂತ.

ಅದೇ ಹೊತ್ತಿಗೆ ಏಜೆಂಟ್ ಬರಬೇಕೆ? ಬಂದ. ಯಂತ್ರ ಮಾರಿದವನು, ಮೂರು ತಿಂಗಳ ಸರ್ವಿಸಿಗೆ. ಷರ್ಟಿನ ಜೇಬಿನಲ್ಲಿ ನಾಲ್ಕು ಪೆನ್ನು, ಬರೆಯುವುದನ್ನು ಯಾರೂ ನೋಡಿರಲಿಲ್ಲ. ಅವನು ಯಂತ್ರವನ್ನು ಕಂಡೊಡನೆ ನಿಂತುಬಿಟ್ಟ.

“ಇದೇನ್ ಸಾರ್, ತೊಗಲು? ಚಪ್ಪಲಿ ಅಂಗಡಿ ಶುರು ಮಾಡಿದ್ರಾ?”

ಮರಿ ಬಗ್ಗಿ ನೋಡಿದ. ಮೂರು ದಿನಗಳಲ್ಲಿ ಮೊದಲ ಸಲ ನೋಡಿದ. “ಚಿಕ್ಕಮ್ಮ, ಏನಿದು?”

“ಆಸರೆ. ಅಗಲ ಮಾಡಿದೀನಿ. ಒಂಬತ್ತು ರ್ಯಾಕೆಟ್ಟು ಅದ್ರಲ್ಲೇ ಆಗಿರೋದು, ಅಳತೆ ಬರ್ದಿಟ್ಟಿದೀನಿ.” ಪುಸ್ತಕ ಚಾಚಿದಳು. ಯಾರೂ ತೆಗೆದುಕೊಳ್ಳಲಿಲ್ಲ.

“ಕಂಪನಿಯವ್ರು ಎಷ್ಟೋ ಇಂಜಿನಿಯರ್ ಇಟ್ಕೊಂಡು ಮಾಡಿರ್ತಾರಮ್ಮ,” ಎಂದ ಏಜೆಂಟ್, ಮಕ್ಕಳಿಗೆ ಹೇಳುವ ದನಿಯಲ್ಲಿ. “ಹೀಗೆಲ್ಲ ಮುಟ್ಟಿದ್ರೆ ಗ್ಯಾರಂಟಿ ಹೋಗುತ್ತೆ.”

“ಗ್ಯಾರಂಟಿ ಇದ್ದಾಗ ಮೂರು ಒಡೀತು. ಹೋದ ಮೇಲೆ ಒಂದೂ ಇಲ್ಲ,” ಎಂದಳು ಚಿಕ್ಕಮ್ಮ.

ಸೀಟಿ ಪಕ್ಕಕ್ಕೆ ತಿರುಗಿ ನಕ್ಕ. ಅದು ಕೆಲಸ ಕೆಡಿಸಿತು. ಗಿರಾಕಿಯ ಮುಂದೆ ಮರಿಯ ಕಿವಿ ಕೆಂಪಾಯಿತು.

“ಹಳೇದು ಕೊಡಿ. ಒರಿಜಿನಲ್ಲೇ ಹಾಕೋಣ. ಸಾರೇ ಒಂದು ಹಾಕಿ ತೋರಿಸ್ಲಿ, ನೀವೂ ಕಲ್ತ್ಕೊಳ್ಳಿ.”

ಚಿಕ್ಕಮ್ಮ ಡಬ್ಬಿ ಕೊಟ್ಟಳು. ಕೊಡದೆ ಇರಬಹುದಿತ್ತು, ಆದರೆ ಅಂಗಡಿ ಅವನದು, ಯಂತ್ರ ಅವನದು. ಹಿತ್ತಾಳೆ ತಿರುಪುಗಳು, ತೊಗಲಿನ ಆಸರೆಗಳು ಸಾಕ್ಸಿನ ಗೂಡಿನ ಪಕ್ಕಕ್ಕೆ ಹೋದವು. ಉಗುರಿನಷ್ಟರ ಟೋಪಿಗಳು ಮತ್ತೆ ಬಂದವು.

ಏಜೆಂಟ್ ಕ್ಯಾಪ್ಟನ್ನಿನ ರ್ಯಾಕೆಟ್ಟನ್ನು ಕೂರಿಸಿದ. ನಿಜ ಹೇಳಬೇಕೆಂದರೆ ಅವನು ಸರಿಯಾಗಿಯೇ ಕೂರಿಸಿದ, ತಿರುಪುಗಳನ್ನು ಸೋಕಿದಲ್ಲಿಗೆ ನಿಲ್ಲಿಸಿದ. ಅಷ್ಟರಲ್ಲಿ ಅವನ ಫೋನು ಬಡಿಯಿತು. ಅವನು ಬಾಗಿಲ ಕಡೆ ತಿರುಗಿ ಇನ್ಯಾರಿಗೋ ಗ್ಯಾರಂಟಿ ವಿವರಿಸತೊಡಗಿದ. ಮರಿ ಯಂತ್ರದ ಬಳಿ ಸುಮ್ಮನೆ ನಿಂತಿದ್ದ. ಅವನ ಕೈ ತಾನಾಗಿಯೇ ತಿರುಪಿನ ರೆಕ್ಕೆಗೆ ಹೋಯಿತು.

ಚಿಕ್ಕಮ್ಮ ನೋಡಿದಳು. ಒಂದು. ಎರಡು. ಬೇಡ ಕಣೋ ಎಂದರೆ ಸಾಕಿತ್ತು, ಎರಡೇ ಮಾತು. ಬಾಯಿವರೆಗೆ ಬಂದಿತ್ತು. ಮೂರು. ಎರಡು ದಿನ ಜಾರಿದ ಬೆರಳಿಗೆ ಇವತ್ತು ರೆಕ್ಕೆ ಸಿಕ್ಕ ಖುಷಿಯಲ್ಲಿ ಅವನು ಹಲ್ಲು ಕಚ್ಚಿ ತಿರುಚುತ್ತಿದ್ದ. ನಾಲ್ಕು. ಅವಳು ಬಾಯಿ ತೆರೆಯಲಿಲ್ಲ.

ಏಜೆಂಟ್ ಫೋನು ಜೇಬಿಗಿಟ್ಟು ಬಂದು, ತಿರುಪುಗಳ ಕಡೆ ನೋಡದೆ ಗಟ್ಟು ಎಳೆಯತೊಡಗಿದ. ನೀಲಿ ಪರದೆಯಲ್ಲಿ ಅಂಕಿಗಳು ಏರಿದವು. “ನೋಡಿಮ್ಮ, ಕೈ ಹೇಗಿರ್ಬೇಕು ಅಂದ್ರೆ, ಹೂವಿನ ಹಾಗೆ,” ಎಂದ. ಎಂಟನೆಯ ಗಟ್ಟು ಎಳೆಯುವಾಗ ಟಿಕ್ ಎಂದಿತು. ಒಣಕಡ್ಡಿ ಮುರಿದಷ್ಟೂ ದೊಡ್ಡ ಸದ್ದಲ್ಲ. ಆದರೆ ಸ್ಟೂಲಿನ ಮೇಲಿದ್ದ ಸೀಟಿ ಎದ್ದು ನಿಂತ.

ಬಲಭುಜ. ಅದೇ ಜಾಗ, ಅದೇ ಓರೆ.

ಏಜೆಂಟ್ ಬಿರುಕನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಆಮೇಲೆ, “ಇದು ಮುಂಚೆನೇ ಎಲ್ಲೋ ತಾಗಿರುತ್ತೆ. ಡಬಲ್ಸಲ್ಲಿ ಪಾರ್ಟ್ನರ್ ರ್ಯಾಕೆಟ್ಟಿಗೆ,” ಎಂದ.

ಮರಿ ಆ ಮಾತನ್ನು ಎಲ್ಲಿ ಕಲಿತಿದ್ದನೆಂಬುದು ಆಗ ಗೊತ್ತಾಯಿತು.

“ಸಾರ್,” ಎಂದ ಸೀಟಿ, ಕೈಯಲ್ಲಿದ್ದ ಪ್ಲಾಸ್ಟಿಕ್ ಹೊದಿಕೆ ಎತ್ತಿ ತೋರಿಸುತ್ತ. “ಇದರಿಂದ ತೆಗೆದು ಅರ್ಧ ಗಂಟೆ ಆಗಿಲ್ಲ. ಪಾರ್ಟ್ನರ್ ಯಾರು, ನೀವಾ?”

ಏಜೆಂಟಿಗೆ ಬೇರೆ ಊರಿನಲ್ಲಿ ಸರ್ವಿಸ್ ಇದ್ದದ್ದು ನೆನಪಾಯಿತು. ಪೆನ್ನುಗಳನ್ನು ಮುಟ್ಟಿ ನೋಡಿಕೊಂಡು ಹೊರಟೇಹೋದ. ಮರಿ ತನ್ನ ಬಲಗೈಯನ್ನು, ಅದು ಬೇರೆ ಯಾರೋ ಅಂಗಡಿಯಲ್ಲಿ ಮರೆತು ಹೋದದ್ದೋ ಎಂಬಂತೆ ನೋಡುತ್ತ ನಿಂತಿದ್ದ.

ಚಿಕ್ಕಮ್ಮ ಗೆದ್ದಿದ್ದಳು. ಭಾರದ ಕೈ ಯಾರದೆಂಬುದು ಎಲ್ಲರ ಕಣ್ಣೆದುರು ಬಿರುಕಾಗಿ ಬಿದ್ದಿತ್ತು. ಆದರೆ ಅವಳಿಗೆ ಗೆದ್ದ ಹಾಗೆ ಅನಿಸಲಿಲ್ಲ. ಯಾವುದೋ ಕ್ಯಾಪ್ಟನ್ನು, ಮುಖ ಕೂಡ ನೋಡಿರದವನು, ಸಂಜೆ ಆಡಬೇಕಿದ್ದ ರ್ಯಾಕೆಟ್ಟು. ಅಂಥದ್ದನ್ನು ಉಳಿಸಲೆಂದೇ ಕೂತು ನೈಲಾನು ಉಜ್ಜಿದವಳು ಎರಡು ಮಾತು ಉಳಿಸಿಕೊಂಡಿದ್ದಳು.

“ಕೋಚ್ ಅವ್ರೇ,” ಎಂದಳು. “ಇದ್ರಲ್ಲಿ ನಂದೂ ಪಾಲಿದೆ. ಇವನು ಬಿಗೀತಿರೋದು ನೋಡಿದ್ದೆ. ಸುಮ್ಮನಿದ್ದೆ.”

ಗಲ್ಲಾದ ಹಿಂದಿನಿಂದ ಅಕ್ಕನ ದನಿ ಕೂಡಲೇ ಬಂತು. “ಕೇಳಿದ್ರಲ್ಲ. ಅವಳೇ ಒಪ್ಕೊಂಡ್ಳು.”

ಸೀಟಿ ಅಕ್ಕನನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದ. ಎರಡು ತಂಡಗಳ ಜಗಳ ಬಿಡಿಸಿ ಅಭ್ಯಾಸವಿದ್ದವನಿಗೂ ಈ ಆಟದ ನಿಯಮ ತಿಳಿಯಲಿಲ್ಲ. ಕೊನೆಗೆ ಮರಿಯ ಕಡೆ ತಿರುಗಿ, “ಇಂಥದ್ದೇ ಹೊಸದೊಂದು ನಿಮ್ಮ ಗೋಡೆ ಮೇಲಿದೆ. ಅದನ್ನ ಇಳಿಸಿ. ಗಟ್ ಇವರೇ ಹಾಕ್ಲಿ, ಆ ಚಪ್ಪಲಿ ಸಾಮಾನು ಇಟ್ಕೊಂಡು,” ಎಂದ.

ಮರಿ ರ್ಯಾಕೆಟ್ಟು ಇಳಿಸಿದ. ಸಾಕ್ಸಿನ ಗೂಡಿನ ಪಕ್ಕದಿಂದ ತೊಗಲಿನ ಆಸರೆಗಳನ್ನೂ ಹಿತ್ತಾಳೆ ತಿರುಪುಗಳನ್ನೂ ತಾನೇ ತಂದಿಟ್ಟ. ಚಿಕ್ಕಮ್ಮ ಒಂದೊಂದಾಗಿ ಕೂರಿಸಿ, ಎರಡು ಬೆರಳಲ್ಲಿ ತಿರುಪು ತಿರುಗಿಸಿ, ಸೋಕಿದಲ್ಲಿ ನಿಲ್ಲಿಸಿದಳು. ಗಟ್ಟಿನ ಸುರುಳಿ ತರಲು ಎದ್ದವಳು, ಏನೋ ಯೋಚಿಸಿ ಮತ್ತೆ ಕೂತಳು.

“ಮರಿ, ಸುರುಳಿ ನೀನು ತಾ.”

ಅವನು ತಂದುಕೊಟ್ಟ. ನಲವತ್ತು ನಿಮಿಷ ಅವಳು ತಲೆಯೆತ್ತಲಿಲ್ಲ. ಯಂತ್ರ ತನ್ನ ರಾಗ ಹಾಡಿದಾಗ ಸೀಟಿ ಭುಜಗಳನ್ನು ಬೆರಳಿನಿಂದ ಸವರಿ ನೋಡಿ, ಹತ್ತೂ ರ್ಯಾಕೆಟ್ಟು ಚೀಲಕ್ಕೆ ಹಾಕಿಕೊಂಡು ಹೋದ.

ಅಂಗಡಿ ಖಾಲಿಯಾಯಿತು. ಮರಿ ಸ್ಪ್ರಿಂಗಿನ ಹಿಡಿಯನ್ನು ಕೈಗೆ ತೆಗೆದುಕೊಂಡ, ಒಂದು ಸಲ ಕಿರ್ ಎನ್ನಿಸಿ ಡ್ರಾಯರಿಗೆ ಹಾಕಿದ. ಅಕ್ಕ, “ಮೊದ್ಲೇ ಗಟ್ಟಿಯಾಗಿ ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತಾ? ಇವಳದ್ದು ಯಾವತ್ತೂ ಬಾಯಿ ಒಳಗೇ ಮಾತು,” ಎಂದು ಕನ್ನಡಕ ಒರೆಸಿದಳು. ಈ ಒಂದು ಸಲ ಅಕ್ಕ ಹೇಳಿದ್ದರಲ್ಲಿ ಸ್ವಲ್ಪ ನಿಜವಿತ್ತು. ಅದಕ್ಕೇ ಚಿಕ್ಕಮ್ಮನಿಗೆ ಹೆಚ್ಚು ಉರಿಯಿತು.

ಅವಳು ನರ್ಸಮ್ಮನ ರ್ಯಾಕೆಟ್ಟನ್ನು ಕೌಂಟರಿನ ಮೇಲೆ ಮರಿಯ ಮುಂದೆ ಇಟ್ಟಳು. ಮರಳುಕಾಗದ ತಿಕ್ಕಿದ ಭುಜ ಬಣ್ಣ ಕಳೆದುಕೊಂಡು ಬಿಳಿಚಿತ್ತು.

“ಇವರಿಗೊಂದು ಫೋನ್ ಮಾಡು.”

“ಏನಂತ?”

“ಕೈ ಭಾರ ಆಗಿ ಹೀಗಾಯ್ತು ಅಂತ.”

ಮರಿಯ ಮುಖ ಸ್ವಲ್ಪ ಅರಳಿತು. “ಅಷ್ಟು ಹೇಳಿದ್ರೆ ಸಾಕಾ?”

“ಸಾಕು,” ಎಂದಳು ಚಿಕ್ಕಮ್ಮ, ಯಂತ್ರದ ಕಡೆಗೆ ನಡೆಯುತ್ತ. “ಯಾರ ಕೈ ಅಂತ ಕೇಳೇ ಕೇಳ್ತಾರೆ. ಅವ್ರು ನರ್ಸು. ಆಗ ಗಟ್ಟಿಯಾಗಿ ಹೇಳು, ಇಲ್ಲಿವರೆಗೂ ಕೇಳಿಸ್ಬೇಕು.”